ಮಾತಿನ ಕೊಂಡಿಗಳು

ಆಶಯ : ಒಂದು ಭಾಷೆಯ ಪದಗಳನ್ನು ಕಲಿತ ಮಾತ್ರಕ್ಕೆ ಆ ಭಾಷೆ ಬಂದಂತಾಗುವುದಿಲ್ಲ. ಆ ಪದಗಳನ್ನೂ ವಾಕ್ಯಗಳನ್ನೂ ಅದು ಜೋಡಿಸುವ ಬಗೆಯನ್ನು ತಿಳಿಯಬೇಕು. ಇಂಗ್ಲಿಷಿನ ಜೋಡಣೆಯನ್ನು ಸರಿಯಾಗಿ ಕಲಿಯಲು ಕನ್ನಡದ ಜೋಡಣೆಯ ಅರಿವೇ ನೆರವಾಗುತ್ತದೆ ಎಂಬುದನ್ನು ಈ ಪಾಠ ಒಂದು ಅನುಭವದ ಮೂಲಕ ತಿಳಿಸುತ್ತದೆ.

ಬೆಂಗಳೂರಿನಿಂದ ಪೂರ್ವಕ್ಕೆ ಹೊರಟ ರೈಲು ಮಾಲೂರು, ಟೇಕಲ್‌ಗಳನ್ನು ದಾಟಿ ಬಂಗಾರಪೇಟೆಯನ್ನು ಸೇರುತ್ತದೆ. 1864ರಲ್ಲಿ ಬೆಂಗಳೂರಿನಿಂದ ಜೋಲಾರ್‌ಪೇಟೆಯವರೆಗೆ ರೈಲುಮಾರ್ಗ ತೆರೆದಾಗ ಮೈಸೂರಿನ ಕಮಿಷನರಾಗಿದ್ದವರು ಎಲ್. ಬಿ. ಬೌರಿಂಗ್. ಅವರ ಹೆಸರಿನಿಂದ ಈ ಊರು ಬೌರಿಂಗ್‌ಪೇಟೆ ಎನಿಸಿಕೊಂಡಿತು. ಮುಂದೆ ಅದು ಬಂಗಾರಪೇಟೆಯಾಯಿತು. ಚಿನ್ನದ ಗಣಿಗೆ ಹೆಬ್ಬಾಗಿಲಾಗಿದ್ದ ಊರಿಗೆ ಈ ಹೆಸರು ಚೆನ್ನಾಗಿಯೇ ಒಪ್ಪಿತು.

ಇಲ್ಲಿಂದ ಒಂದು ಕವಲುದಾರಿ ಕೋರಮಂಡಲ, ಊರಿಗಾಂ, ಚಾಂಪಿಯನ್ ನಿಲ್ದಾಣಗಳ ಮೇಲೆ ಹಾಯ್ದು ಸುಮಾರು 16 ಕಿಲೋಮೀಟರ್ ದೂರದ ಮಾರಿಕುಪ್ಪದಲ್ಲಿ ಕೊನೆಗಾಣುತ್ತದೆ. ಇನ್ನೊಂದು ಕವಲು ಕೋಲಾರದ ಕಡೆಗೆ ಹೊರಡುತ್ತದೆ. ದಾರಿಗಳು ಹೀಗೆ ಕೂಡುವುದರಿಂದಲೇ ನಿಲ್ದಾಣದ ಹಲಗೆಯ ಮೇಲೆ ‘ಬಂಗಾರಪೇಟೆ ಜಂಕ್ಷನ್’ ಎಂದು ಬರೆದಿರುತ್ತದೆ. ಇಂಗ್ಲಿಷಿನ ‘ಜಂಕ್ಷನ್’ ಎಂಬ ಪದ ‘ಕೂಡಿಸು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು. ನಮ್ಮ ‘ಯೋಗ’ ಶಬ್ದಕ್ಕೆ ಮೂಲವಾದ ಸಂಸ್ಕೃತದ ‘ಯುಜ್’ ಧಾತುವೂ ಅದೂ ಒಂದೇ ಮನೆತನದವು. ವಾಕ್ಯಗಳನ್ನು ಕೂಡಿಸುವ ಪದಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಕಂಜಂಕ್ಷನ್’ ಎಂದು ಹೆಸರು. ಅದನ್ನು ಅಕ್ಷರಶಃ ಸಂಸ್ಕೃತಕ್ಕೆ ತಂದರೆ ‘ಸಂಯೋಗ’ ಎಂದಾಗುತ್ತದೆ. ಕನ್ನಡ ವ್ಯಾಕರಣದಲ್ಲಿ ಇಂಥ ಪದಗಳಿಗೆ ಸಂಬಂಧಾರ್ಥಕಾವ್ಯಯಗಳೆಂದು ಹೇಳುತ್ತೇವೆ.

ಈ ನಿಲ್ದಾಣದ ಇನ್ನೊಂದು ಸಂಗತಿಯನ್ನು ನೀವು ತಿಳಿದಿರಬೇಕು. ಕೋಲಾರಕ್ಕೆ ಹೋಗುವ ಹಳಿ ಬಹುಕಾಲ ನ್ಯಾರೋಗೇಜ್, ಎಂದರೆ ಕಿರಿದಾದ ಹಳಿಯಾಗಿತ್ತು. ಈಗ ಅದೂ ಬ್ರಾಡ್‌ಗೇಜ್ ಆಗಿದೆ. ಅಂದು ಕಿರಿಹಳಿಯ ಡಬ್ಬಿಯನ್ನು ಹಿರಿಹಳಿಯ ಮೇಲೆ ಎಳೆದುಕೊಂಡು ಹೋಗಲು ಬರುತ್ತಿರಲಿಲ್ಲ. ಕೋಲಾರದ ಕಡೆಯಿಂದ ಬಂದ ಮೂಟೆಯನ್ನು ಇಲ್ಲಿ ಇಳಿಸಿ ದೊಡ್ಡ ಗಾಡಿಗೆ ಏರಿಸಬೇಕಾಗಿತ್ತು. ಡಬ್ಬಿ ಅಲ್ಲಿಯೇ ಉಳಿಯುತ್ತಿತ್ತು; ಸರಕು ಮಾತ್ರ ಮುಂದೆ ಹೋಗುತ್ತಿತ್ತು. ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ಹೋಗುವಾಗಲೂ ಹೀಗೆಯೇ ನಡೆಯಬೇಕೆಂಬುದು ನನಗೆ ತಡವಾಗಿ ತಿಳಿಯಿತು. ಅದನ್ನು ನನಗೆ ತಿಳಿಸಿಕೊಟ್ಟವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ.

1990ರ ದಶಕದ ಮೊದಲಲ್ಲಿ ನಾನು ಚಿನ್ನದ ಗಣಿ ಪ್ರದೇಶದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದೆ. ಮನೆ ಬಂಗಾರಪೇಟೆಯಲ್ಲಿ, ಪ್ರತಿದಿನವೂ ರೈಲಿನಲ್ಲಿ ಹೋಗಿಬರುವುದು. ಆ ವರ್ಷ ಇಂಗ್ಲಿಷ್ ಉಪಾಧ್ಯಾಯರು ವರ್ಗವಾಗಿ ಹೋದರು. ಅವರ ಸ್ಥಾನಕ್ಕೆ ಯಾರೂ ಬರಲಿಲ್ಲ. ಮುಖ್ಯೋಪಾಧ್ಯಾಯರು ನನ್ನನ್ನು ಕರೆದು, ‘‘ಈ ವರ್ಷ ಒಂಬತ್ತನೆಯ ತರಗತಿಯ ಇಂಗ್ಲಿಷನ್ನು ತಾವೇ ನೋಡಿಕೊಳ್ಳಬೇಕು, ಪಂಡಿತರೇ’’ ಎಂದರು. ಒಲ್ಲೆನೆನ್ನಲು ಆಗಲಿಲ್ಲ.

ಆ ತರಗತಿ ಒಂದು ಪುಟ್ಟ ಸಂತೆಯಂತಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಗಣಿಗಾರಿಕೆಯನ್ನು ಕೈಗೊಂಡ ಮೇಲೆ ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಸಾವಿರಾರು ಕುಟುಂಬಗಳು ಕೆಲಸಕ್ಕಾಗಿ ಬಂದು ನೆಲೆಸಿದವು. ಸುತ್ತಲಿನ ಹಳ್ಳಿಗಳ ಕನ್ನಡಿಗರೂ ಉರ್ದು ಮಾತನಾಡುವ ಮನೆಗಳವರೂ ಜೊತೆಗೂಡಿದರು. ಗಣಿಯ ಅಧಿಕಾರಿಗಳ ಮಾತು ಇಂಗ್ಲಿಷ್. ಹೀಗಾಗಿ ನಮ್ಮ ಹುಡುಗರಲ್ಲಿ ಹಲವರು ಮನೆಯಲ್ಲಿ ಒಂದು, ಬೀದಿಯಲ್ಲಿ ಒಂದು, ಶಾಲೆಯಲ್ಲಿ ಒಂದು ಭಾಷೆಯನ್ನಾಡುತ್ತ ಬೆಳೆದವರು. ಅವರಿಗೆ ಇಂಗ್ಲಿಷ್ ಪದಗಳೇನೂ ಹೊಸವಲ್ಲ. ‘ಶಾಫ್ಟು’, ‘ಕೇಜು’, ‘ಶಿಫ್ಟು’ ಎಂಬ ಮಾತುಗಳನ್ನು ಅವರ ಅಜ್ಜಿಯರೂ ಆಡುತ್ತಿದ್ದರು. ಆದರೆ ಎರಡು ವಾಕ್ಯಗಳನ್ನು ಕೂಡಿಸಿ ಬರೆಯಬೇಕಾದಾಗ ಆ ಹುಡುಗರು ತಡವರಿಸುತ್ತಿದ್ದರು. ‘ದೋ ಹಿ ಈಸ್ ಪೂರ್, ಬಟ್ ಹಿ ಈಸ್ ಆನೆಸ್ಟ್’ ಎಂದು ಬರೆಯುವರು. ‘ಬಿಕಾಸ್ ಇಟ್ ರೇನ್ಡ್, ಸೋ ವಿ ಸ್ಟೇಡ್ ಅಟ್ ಹೋಮ್’ ಎಂದು ಬರೆಯುವರು. ನಾನು ಕೆಂಪು ಮಸಿಯಿಂದ ‘ಬಟ್’ ಮತ್ತು ‘ಸೋ’ಗಳನ್ನು ಹೊಡೆದುಹಾಕಿ, ‘‘ಹತ್ತು ಸಲ ಸರಿಯಾಗಿ ಬರೆದುಕೊಂಡು ಬಾ’’ ಎನ್ನುತ್ತಿದ್ದೆ. ಅವರು ಹತ್ತು ಸಲ ಸರಿಯಾಗಿ ಬರೆಯುತ್ತಿದ್ದರು. ಹನ್ನೊಂದನೆಯ ಸಲ ಮತ್ತೆ ತಪ್ಪುತ್ತಿದ್ದರು. ಇದು ಅವರ ಅಲಕ್ಷ್ಯವೆಂದೇ ನಾನು ತಿಳಿದಿದ್ದೆ.

ಒಂದು ದಿನ ಮಧ್ಯಾಹ್ನ ಒಬ್ಬ ಹುಡುಗ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದ. ಮನೆಮಾತು ತಮಿಳು, ಓದುತ್ತಿದ್ದುದು ಕನ್ನಡ ಮಾಧ್ಯಮ. ತಂದೆ ಗಣಿಯೊಳಗೆ ಇಳಿದು ಕೆಲಸ ಮಾಡುವವರು. ಕೋಲಾರದ ಗಣಿಗಳು ನೆಲದಡಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಹೋಗಿದ್ದವು. ಅಂಥ ಆಳದಲ್ಲಿ ಬಂಡೆಯೇ ಬಿಸಿಯಾಗಿರುತ್ತದೆ. ಕೊರೆದ ಕಲ್ಲಿನ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಆ ಹುಡುಗನ ತಂದೆಗೆ ಕೆಮ್ಮು ಹತ್ತಿ, ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ನೆಲದ ಮೇಲಿನ ಕೆಲಸವನ್ನು ಬೇಡಿ ಒಂದು ಅರ್ಜಿಯನ್ನು ಕೊಡಬೇಕಾಗಿತ್ತು. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ಇವನೊಬ್ಬನೇ. ತಾನು ಬರೆದುದನ್ನು ತೋರಿಸಲು ಬಂದಿದ್ದ.

ಅರ್ಜಿ ಅಚ್ಚುಕಟ್ಟಾಗಿತ್ತು. ಅಕ್ಷರ ದುಂಡಗೆ ಇದ್ದವು. ಕೊನೆಯ ವಾಕ್ಯ ಹೀಗಿತ್ತು : ‘ಅನ್‌ಲೆಸ್ ದಿ ಡಾಕ್ಟರ್ ಡಸ್ ನಾಟ್ ಪರ್ಮಿಟ್, ಮೈ ಫಾದರ್ ಕೆನಾಟ್ ಗೋ ಬಿಲೋ.’

‘‘ಇದರ ಅರ್ಥವೇನಪ್ಪಾ?’’ ಎಂದು ಕೇಳಿದೆ.

‘‘ಡಾಕ್ಟರು ಒಪ್ಪದಿದ್ದರೆ ನಮ್ಮ ಅಪ್ಪ ಕೆಳಗೆ ಇಳಿಯಲಾರರು ಅಂತ, ಸಾರ್.’’

‘‘ನೀನು ಬರೆದಿರುವುದು ಹಾಗಲ್ಲ. ಡಾಕ್ಟರು ಬೇಡವೆಂದರೆ ಮಾತ್ರ ನಿಮ್ಮ ತಂದೆ ಇಳಿಯಬಲ್ಲರು ಎಂದಾಗಿದೆ. ‘ನಾಟ್’ ಎಂಬುದನ್ನು ತೆಗೆದುಹಾಕು.’’

ಹುಡುಗನ ಮುಖ ಬಿಳುಪೇರಿತು. ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದ. ಆಮೇಲೆ ಮೆಲ್ಲಗೆ ಕೇಳಿದ : ‘‘ಸಾರ್, ‘ಒಪ್ಪದಿದ್ದರೆ’ ಅನ್ನುವುದರಲ್ಲಿ ‘ಇಲ್ಲ’ ಅನ್ನುವ ಅರ್ಥ ಇದೆ. ನಮ್ಮ ತಮಿಳಿನಲ್ಲೂ ಹಾಗೆಯೇ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಅದನ್ನು ತೆಗೆದುಬಿಟ್ಟರೆ ಆ ‘ಇಲ್ಲ’ ಎಲ್ಲಿಗೆ ಹೋಗುತ್ತದೆ, ಸಾರ್?’’

‘‘ಇಂಗ್ಲಿಷಿನಲ್ಲಿ ಅದು ಹಾಗೆಯೇ’’ ಎಂದು ನಾನು ಹೇಳಿದೆ. ಹುಡುಗ ತಲೆಯಲ್ಲಾಡಿಸಿ, ಅರ್ಜಿಯನ್ನು ತಿದ್ದಿ ಬರೆದುಕೊಂಡು ಹೋದ. ಆದರೆ ನಾನು ಕೊಟ್ಟುದು ಉತ್ತರವಲ್ಲವೆಂದು ನನಗೆ ಗೊತ್ತಿತ್ತು. ಕನ್ನಡ ಎಂ.ಎ. ಓದಿದವನು; ಕೃದಂತಾವ್ಯಯಗಳನ್ನು ವರ್ಷ ವರ್ಷವೂ ಪಾಠ ಹೇಳಿದವನು. ಆ ಹುಡುಗ ನನ್ನ ವಿಷಯದಲ್ಲಿಯೇ ನನ್ನನ್ನು ಪ್ರಶ್ನಿಸಿದ್ದನು. ನನ್ನ ಕೆಂಪು ಮಸಿ ತಪ್ಪನ್ನು ತೋರಿಸಿತ್ತೇ ಹೊರತು ತಪ್ಪಿನ ಬೇರನ್ನು ಎಂದೂ ತೋರಿಸಿರಲಿಲ್ಲ.

ಅಂದು ಸಂಜೆ ಬಂಗಾರಪೇಟೆಯಲ್ಲಿ ಇಳಿದಾಗ ಪಕ್ಕದ ಹಳಿಯ ಮೇಲೆ ಡಬ್ಬಿಗಳನ್ನು ಜೋಡಿಸುತ್ತಿದ್ದರು. ಒಂದು ಡಬ್ಬಿ ಮೆಲ್ಲಗೆ ಹಿಂದೆ ಸರಿದು ಇನ್ನೊಂದನ್ನು ಮುಟ್ಟಿತು. ಒಬ್ಬ ಕೆಲಸಗಾರ ಎರಡರ ನಡುವೆ ಇಳಿದು ಕೊಂಡಿಯನ್ನು ಹಾಕಿದ. ಎರಡು ಡಬ್ಬಿಗಳ ನಡುವೆ, ಎರಡಕ್ಕೂ ಹೊರಗಾಗಿ ಕಾಣುವ ಕೊಂಡಿ! ಇಂಗ್ಲಿಷ್ ವಾಕ್ಯಗಳನ್ನು ಕೂಡಿಸುವುದು ಹೀಗೆ. ‘ಆ್ಯಂಡ್’, ‘ಬಟ್’, ‘ಆರ್’, ‘ಇಫ್’, ‘ದೋ’ ಇವೆಲ್ಲ ಬೇರೆಯಾಗಿ ನಿಂತ ಕೊಂಡಿಗಳು. ಕನ್ನಡವಾದರೋ ಬಹುಮಟ್ಟಿಗೆ ಕೊಂಡಿಯನ್ನು ಹೊರಗಿನಿಂದ ತರುವುದಿಲ್ಲ. ಹೂವಾಡಗಿತ್ತಿ ಬಾಳೆನಾರಿನಿಂದ ಹೂಗಳನ್ನು ಒಂದಕ್ಕೊಂದು ಹೆಣೆಯುವಂತೆ, ಪದದ ತುದಿಯನ್ನೇ ಬಾಗಿಸಿ ಮುಂದಿನ ಪದಕ್ಕೆ ಕಟ್ಟುತ್ತದೆ.

ಉದಾಹರಣೆಗೆ ನೋಡಿರಿ. ‘ಎದ್ದು, ಮುಖ ತೊಳೆದು, ಗಂಜಿ ಕುಡಿದು, ಬುತ್ತಿ ಹಿಡಿದು ಕೆಲಸಕ್ಕೆ ಹೊರಟನು.’ ಇಲ್ಲಿ ಐದು ಕೆಲಸಗಳಿವೆ. ಆದರೆ ಪೂರ್ಣಕ್ರಿಯಾಪದ ಒಂದೇ. ಉಳಿದ ನಾಲ್ಕೂ ಕೃದಂತಾವ್ಯಯಗಳಾಗಿ, ಮುಂದಿನದರ ಕೈ ಹಿಡಿದುಕೊಂಡು ನಿಂತಿವೆ. ಕೂಡಿಸುವ ಬೇರೆ ಪದವೊಂದೂ ಇಲ್ಲ. ಇದನ್ನೇ ಇಂಗ್ಲಿಷಿನಲ್ಲಿ ಹೇಳುವಾಗ ಐದು ಕ್ರಿಯಾಪದಗಳನ್ನೂ ಪೂರ್ಣವಾಗಿಟ್ಟು, ಕೊನೆಯದಕ್ಕೆ ಮೊದಲು ‘ಆ್ಯಂಡ್’ ಎಂಬ ಕೊಂಡಿಯನ್ನು ಹಾಕುವುದು ವಾಡಿಕೆ. ‘ಅಣ್ಣನೂ ತಮ್ಮನೂ ಬಂದರು’ ಎಂಬಲ್ಲಿ ನಾವು ಇಬ್ಬರಿಗೂ ‘ಊ’ ಎಂಬುದನ್ನು ಸೇರಿಸುತ್ತೇವೆ. ಇಂಗ್ಲಿಷ್ ಇಬ್ಬರ ನಡುವೆ ಒಂದೇ ‘ಆ್ಯಂಡ್’ ಇಡುತ್ತದೆ. ‘ಇಂದೋ ನಾಳೆಯೋ’ ಎಂದು ನಾವು ಎರಡು ‘ಓ’ಗಳನ್ನು ಬಳಸಿದರೆ ಅಲ್ಲಿ ಒಂದು ‘ಆರ್’ ಸಾಕು.

ನಮ್ಮಲ್ಲಿ ಬಿಡಿಯಾಗಿ ನಿಲ್ಲುವ ಕೊಂಡಿಗಳು ಇಲ್ಲವೆಂದಲ್ಲ. ‘ಆದರೆ’, ‘ಆದರೂ’, ‘ಆದ್ದರಿಂದ’, ‘ಏಕೆಂದರೆ’ ಇವೆ. ಆದರೆ ಅವುಗಳನ್ನು ಬಿಡಿಸಿ ನೋಡಿದರೆ ಒಳಗೆ ಕ್ರಿಯಾಪದವೇ ಕಾಣುತ್ತದೆ. ‘ಆದರೆ’, ‘ಆದರೂ’, ‘ಆದ್ದರಿಂದ’ ಇವು ‘ಆಗು’ ಧಾತುವಿನ ರೂಪಗಳು. ‘ಏಕೆಂದರೆ’ ಎಂಬುದು ‘ಏಕೆ ಎಂದರೆ’. ಪ್ರಶ್ನೆಯನ್ನೂ ತಾನೇ ಕೇಳಿ ಉತ್ತರವನ್ನೂ ತಾನೇ ಹೇಳುವ ಚಂದದ ಮಾತು ಅದು. ‘ಅಥವಾ’ ಎಂಬುದನ್ನು ನಾವು ಸಂಸ್ಕೃತದಿಂದ ತಂದುಕೊಂಡೆವು.

ಇಷ್ಟನ್ನು ಎಣಿಸಿಕೊಂಡ ಮೇಲೆ ಹುಡುಗರ ತಪ್ಪು ನನಗೆ ತಪ್ಪಾಗಿ ಕಾಣಲಿಲ್ಲ. ಅದಕ್ಕೊಂದು ಕಾರಣವಿತ್ತು. ‘ಬಡವನಾದರೂ ಪ್ರಾಮಾಣಿಕ’ ಎಂಬಲ್ಲಿ ‘ಆದರೂ’ ಎಂಬ ಕೂಡಿಕೆ ನಡುವೆ ಬರುತ್ತದೆ. ಇಂಗ್ಲಿಷಿನ ‘ದೋ’ ವಾಕ್ಯದ ತಲೆಯಲ್ಲಿ ಬರುತ್ತದೆ. ಮೇಷ್ಟ್ರು ಹೇಳಿಕೊಟ್ಟರೆಂದು ಹುಡುಗ ತಲೆಯಲ್ಲಿ ‘ದೋ’ ಇಟ್ಟ. ಆದರೆ ನಡುವೆ ಅವನ ಕಿವಿಗೆ ಏನೋ ಬರಿದೆನಿಸಿತು. ಅಲ್ಲಿ ‘ಬಟ್’ ತುಂಬಿದ. ‘ಮಳೆ ಬಂದುದರಿಂದ ಮನೆಯಲ್ಲಿಯೇ ಉಳಿದೆವು’ ಎಂಬಲ್ಲಿಯೂ ಹೀಗೆಯೇ. ತಲೆಗೆ ‘ಬಿಕಾಸ್’, ನಡುವಿಗೆ ‘ಸೋ’. ಒಂದೇ ಜೋಡಿಗೆ ಎರಡು ಕೊಂಡಿ! ಅವನು ಅಲಕ್ಷ್ಯದಿಂದ ತಪ್ಪಿದವನಲ್ಲ. ತನ್ನ ಭಾಷೆಗೆ ಹೆಚ್ಚು ನಿಷ್ಠನಾಗಿ ತಪ್ಪಿದವನು. ಕಿರಿಹಳಿಯ ಡಬ್ಬಿಯನ್ನೇ ಹಿರಿಹಳಿಯ ಮೇಲೆ ಎಳೆಯಲು ಹೊರಟಿದ್ದನು.

ಮರುದಿನ ತರಗತಿಯಲ್ಲಿ ನಾನು ಕರಿಹಲಗೆಯ ಮೇಲೆ ಎರಡು ಡಬ್ಬಿಗಳ ಚಿತ್ರವನ್ನು ಬರೆದೆ. ಮೊದಲು ಅವರವರ ಮನೆಯ ಮಾತಿನಲ್ಲಿ ‘ಅಣ್ಣನೂ ತಮ್ಮನೂ’ ಎಂದು ಹೇಳಿರೆಂದೆ. ತಮಿಳಿನ ಮಕ್ಕಳು ಪದದ ಕೊನೆಗೆ ‘ಉಂ’ ಸೇರಿಸಿದರು. ‘‘ಹಳಗನ್ನಡದಲ್ಲಿಯೂ ‘ರಾಮನುಂ ಲಕ್ಷ್ಮಣನುಂ’ ಎಂದೇ ಹೇಳುತ್ತಿದ್ದರು’’ ಎಂದಾಗ ಅವರಿಗೆ ಹಿಗ್ಗಾಯಿತು. ತೆಲುಗಿನವರು ಕೊನೆಯ ಸ್ವರವನ್ನು ಎಳೆದು ಹೇಳಿದರು. ಉರ್ದು ಮನೆಮಾತಿನ ಒಬ್ಬ ಹುಡುಗಿ ಎದ್ದು, ‘‘ಸಾರ್, ನಮ್ಮಲ್ಲಿ ನಡುವೆ ‘ಔರ್’ ಅಂತ ಬರುತ್ತದೆ, ಇಂಗ್ಲಿಷಿನ ಹಾಗೆಯೇ’’ ಎಂದಳು. ‘‘ಹಾಗಾದರೆ ನಿನಗೆ ‘ದೋ’ ಸುಲಭವಾಗಬೇಕಲ್ಲವೇನಮ್ಮಾ?’’ ಎಂದು ಕೇಳಿದೆ. ಅವಳು ಯೋಚಿಸಿ, ‘‘ಇಲ್ಲ ಸಾರ್, ‘ಅಗರ್‌ಚೆ’ ಅಂದರೆ ಮುಂದೆ ‘ಲೇಕಿನ್’ ಅಂತಲೂ ಹೇಳುತ್ತೇವೆ’’ ಎಂದು ನಕ್ಕಳು. ಸಂಸ್ಕೃತದಲ್ಲಿಯೂ ‘ಯದ್ಯಪಿ’ ಎಂದರೆ ಮುಂದೆ ‘ತಥಾಪಿ’ ಬರುವುದುಂಟು. ಎರಡು ಕೊಂಡಿ ಹಾಕುವುದು ಕೆಲವು ಭಾಷೆಗಳಲ್ಲಿ ಅಂದ. ಇಂಗ್ಲಿಷಿನಲ್ಲಿ ‘ದೋ’ ಜೊತೆಗೆ ‘ಬಟ್’ ತಪ್ಪು. ‘ದೋ’ ಎಂದ ಮೇಲೆ ‘ಯೆಟ್’ ಎನ್ನುವುದು ಮಾತ್ರ ಒಪ್ಪಿತವಾದುದು. ಹಳೆಯ ಪುಸ್ತಕಗಳಲ್ಲಿ ಅದನ್ನು ನೀವು ಕಾಣಬಹುದು. ‘ಈದರ್–ಆರ್’, ‘ನೀದರ್–ನಾರ್’ ಎಂಬವು ಹುಟ್ಟಿನಿಂದಲೇ ಜೋಡಿಯಾದವು. ಅವುಗಳನ್ನು ಅಗಲಿಸಬಾರದು.

ಆಮೇಲೆ ಆ ಹುಡುಗನ ಪ್ರಶ್ನೆಯನ್ನು ಎತ್ತಿಕೊಂಡೆ. ‘‘ ‘ಒಪ್ಪದಿದ್ದರೆ’ ಎಂಬುದರಲ್ಲಿ ಎರಡು ಅರ್ಥಗಳು ಕೂಡಿವೆ. ಒಂದು ‘ಇಲ್ಲ’ ಎಂಬುದು. ಇನ್ನೊಂದು ‘ಹಾಗಾದ ಪಕ್ಷದಲ್ಲಿ’ ಎಂಬುದು. ಕನ್ನಡದಲ್ಲಿ ಇವೆರಡೂ ಕ್ರಿಯಾಪದದೊಳಗೆ ಇವೆ. ಇಂಗ್ಲಿಷಿನಲ್ಲಿ ಇವೆರಡೂ ‘ಅನ್‌ಲೆಸ್’ ಎಂಬ ಕೊಂಡಿಯೊಳಗೆ ಇವೆ. ನಿನ್ನ ‘ಇಲ್ಲ’ ಎಲ್ಲಿಗೂ ಹೋಗಲಿಲ್ಲಪ್ಪಾ. ಕ್ರಿಯಾಪದದಿಂದ ಇಳಿದು ಕೊಂಡಿಯನ್ನು ಏರಿತು. ಅದನ್ನು ಮತ್ತೆ ಕ್ರಿಯಾಪದದಲ್ಲಿಯೂ ಇಟ್ಟರೆ ‘ಇಲ್ಲ’ಕ್ಕೆ ‘ಇಲ್ಲ’ ಸೇರಿ ಅರ್ಥ ತಿರುಗಿಬೀಳುತ್ತದೆ. ‘ಇಫ್’ ಎಂದು ಬರೆಯುವೆಯಾದರೆ ‘ನಾಟ್’ ಬೇಕು; ‘ಅನ್‌ಲೆಸ್’ ಎಂದು ಬರೆಯುವೆಯಾದರೆ ಬೇಡ.’’ ಹುಡುಗನ ಮುಖ ಅರಳಿತು. ಆ ವರ್ಷ ಆ ತರಗತಿಯಲ್ಲಿ ‘ಅನ್‌ಲೆಸ್’ ವಿಷಯದಲ್ಲಿ ತಪ್ಪು ಬಹಳ ಕಡಿಮೆಯಾಯಿತು. ಯಾರಿಗೂ ಹತ್ತು ಸಲ ಬರೆಯಲು ಹೇಳಬೇಕಾಗಲಿಲ್ಲ.

ಕೊಂಡಿಯನ್ನು ಹಾಕುವ ಕ್ರಮವನ್ನು ತಿಳಿದರೆ ಸಾಲದು. ಯಾವ ಕೊಂಡಿ ಎಂಬುದನ್ನೂ ಆರಿಸಬೇಕು. ‘ಗಣಿ ಆಳವಾಗಿತ್ತು. ಅವನು ಇಳಿದನು.’ ಈ ಎರಡು ವಾಕ್ಯಗಳನ್ನು ಕೂಡಿಸಿರಿ. ‘ಆ್ಯಂಡ್’ ಎಂದರೆ ನಡೆದುದನ್ನು ಹೇಳಿದಂತಾಯಿತು. ‘ದೋ’ ಎಂದರೆ ಅವನು ಧೈರ್ಯಶಾಲಿಯಾದನು. ‘ಬಿಕಾಸ್’ ಎಂದರೆ ಆಳವನ್ನು ನೋಡಲೆಂದೇ ಇಳಿದ ಕುತೂಹಲಿಯಾದನು. ಗಣಿ ಅದೇ, ಮನುಷ್ಯನೂ ಅವನೇ. ಒಂದು ಸಣ್ಣ ಪದ ಅವನ ಸ್ವಭಾವವನ್ನೇ ಬದಲಿಸಿತು. ನಾಮಪದ ಕ್ರಿಯಾಪದಗಳು ಸಂಗತಿಯನ್ನು ಹೇಳುತ್ತವೆ. ಕೊಂಡಿ ಆ ಸಂಗತಿಯ ಬಗೆಗೆ ನಮ್ಮ ತೀರ್ಮಾನವನ್ನು ಹೇಳುತ್ತದೆ. ಆದುದರಿಂದಲೇ ಅದನ್ನು ಬಳಸುವಾಗ ಎಚ್ಚರ ಬೇಕು.

ಈ ಎಚ್ಚರವನ್ನೂ ಆ ಹುಡುಗನಿಂದಲೇ ಕಲಿತೆನೆಂದು ಒಪ್ಪಿಕೊಳ್ಳಬೇಕು. ಕೆಲವು ತಿಂಗಳುಗಳ ಮೇಲೆ ಅವನು ಒಂದು ವಿದ್ಯಾರ್ಥಿವೇತನಕ್ಕಾಗಿ ನನ್ನಿಂದ ಗುಣಪತ್ರವನ್ನು ಕೇಳಿದ. ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ : ‘ಈತನು ಗಣಿ ಕಾರ್ಮಿಕನ ಮಗ, ಆದರೆ ಬುದ್ಧಿವಂತ’ ಎಂಬ ಅರ್ಥ ಬರುವ ವಾಕ್ಯ ಅದರಲ್ಲಿತ್ತು. ಹುಡುಗ ಅದನ್ನು ಓದಿ ‘ಬಟ್’ ಎಂಬ ಪದದ ಬಳಿ ನಿಂತ. ಏನೂ ಹೇಳಲಿಲ್ಲ. ನನ್ನ ಮುಖವನ್ನು ಒಮ್ಮೆ ನೋಡಿದ, ಅಷ್ಟೆ. ಆಗ ನನಗೆ ನಾನು ಬರೆದುದರ ಅರ್ಥ ಹೊಳೆಯಿತು. ಕಾರ್ಮಿಕರ ಮಕ್ಕಳು ಸಾಮಾನ್ಯವಾಗಿ ಬುದ್ಧಿವಂತರಲ್ಲವೆಂದು ಆ ಮೂರಕ್ಷರದ ಇಂಗ್ಲಿಷ್ ಪದ ನನ್ನ ಬಾಯಿಂದ ಹೇಳಿಸಿತ್ತು. ಆ ಕಾಗದವನ್ನು ಹರಿದು, ಹೊಸ ಹಾಳೆಯಲ್ಲಿ ‘ಬಟ್’ ಇದ್ದಲ್ಲಿ ‘ಆ್ಯಂಡ್’ ಎಂದು ಬರೆದೆ. ‘ಬಡವನಾದರೂ ಪ್ರಾಮಾಣಿಕ’ ಎಂಬ ವಾಕ್ಯವನ್ನು ಅಂದಿನಿಂದ ನಾನು ಉದಾಹರಣೆಯಾಗಿ ಕೊಡುವುದನ್ನೂ ಬಿಟ್ಟೆ. ವ್ಯಾಕರಣ ಅದರಲ್ಲಿ ಸರಿಯಾಗಿದೆ, ನ್ಯಾಯ ಸರಿಯಾಗಿಲ್ಲ.

ಆ ಅರ್ಜಿ ಏನಾಯಿತೆಂದು ನೀವು ಕೇಳಬಹುದು. ಹುಡುಗನ ತಂದೆಗೆ ನೆಲದ ಮೇಲಿನ ಕೆಲಸ ದೊರೆಯಿತು. ವಾಕ್ಯವನ್ನು ತಿದ್ದಿದ ಮೇಲೆ ದೊರೆಯಿತೆಂದು ನಾನು ಹೇಳಬಲ್ಲೆ. ತಿದ್ದಿದುದರಿಂದ ದೊರೆಯಿತೆಂದು ಹೇಳಲಾರೆ. ಅರ್ಜಿಯ ಜೊತೆಗೆ ವೈದ್ಯರ ಪತ್ರವೂ ಇತ್ತು. ‘ಮೇಲೆ’ ಎಂಬುದಕ್ಕೂ ‘ಇಂದ’ ಎಂಬುದಕ್ಕೂ ಇರುವ ಅಂತರವನ್ನು ಮರೆತರೆ ಮನುಷ್ಯನು ತನಗೆ ಸಲ್ಲದ ಹಿರಿಮೆಯನ್ನು ಹೊತ್ತುಕೊಂಡು ತಿರುಗುತ್ತಾನೆ.

ಈ ಸಾಗಣೆ ಇನ್ನೊಂದು ದಿಕ್ಕಿನಿಂದಲೂ ನಡೆಯುತ್ತದೆ. ಇಂದು ಇಂಗ್ಲಿಷಿನ ಕೊಂಡಿಗಳು ಕನ್ನಡದ ಹಳಿಯ ಮೇಲೆ ಬರುತ್ತಿವೆ. ‘ಅವನು ಎದ್ದನು ಮತ್ತು ಮುಖ ತೊಳೆದನು ಮತ್ತು ಹೊರಟನು’ ಎಂದು ಬರೆಯುವವರಿದ್ದಾರೆ. ಪದಗಳೆಲ್ಲ ಕನ್ನಡ, ಜೋಡಣೆ ಮಾತ್ರ ಇಂಗ್ಲಿಷಿನದು. ‘ಎದ್ದು ಮುಖ ತೊಳೆದು ಹೊರಟನು’ ಎಂದರೆ ಮಾತು ಹಗುರವಾಗುತ್ತದೆ. ಆದರೆ ‘ಬಸ್ಸೂ ರೈಲೂ ಲೇಟಾದರೂ ಸ್ಕೂಲಿಗೆ ಬಂದೆ’ ಎನ್ನುವ ಹುಡುಗನು ನಾಲ್ಕು ಇಂಗ್ಲಿಷ್ ಪದಗಳನ್ನು ಬಳಸಿದರೂ ಆಡಿದುದು ಕನ್ನಡವನ್ನೇ. ಏಕೆಂದರೆ ಅದರ ಕೂಡಿಕೆಗಳು ಕನ್ನಡದವು. ಪದಗಳನ್ನು ನೆರೆಮನೆಯಿಂದ ಎರವಲು ತರಬಹುದು. ಕೂಡಿಕೆಗಳಲ್ಲಿ ಭಾಷೆಯ ಜೀವ ನಿಂತಿರುತ್ತದೆ.

ಎರಡು ಹಳಿಗಳ ಮೇಲೂ ಸಲೀಸಾಗಿ ನಡೆದವರು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ ಇದ್ದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಎಂ.ಎ. ಪದವಿ ಪಡೆದುದು ಇಂಗ್ಲಿಷ್ ಸಾಹಿತ್ಯದಲ್ಲಿ; 1983ರ ಜ್ಞಾನಪೀಠ ಪ್ರಶಸ್ತಿ ದೊರೆತುದು ಕನ್ನಡದ ಬರವಣಿಗೆಗೆ. ಅವರ ಕತೆಗಳ ಕನ್ನಡದಲ್ಲಿ ಇಂಗ್ಲಿಷಿನ ಜಾಡು ಕಾಣುವುದಿಲ್ಲ. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು ಯಾವ ಪದವಿಯನ್ನೂ ಪಡೆಯದೆ ಇಂಗ್ಲಿಷ್ ಪತ್ರಿಕೆಯ ಸಂಪಾದಕರಾದರು. ಕನ್ನಡದ ದೊಡ್ಡ ಕವಿಗಳೂ ಗದ್ಯಕಾರರೂ ಆದರು. ಒಂದು ಭಾಷೆಯನ್ನು ತಿಳಿಯಲು ಇನ್ನೊಂದನ್ನು ಮರೆಯಬೇಕಾಗಿಲ್ಲವೆಂಬುದಕ್ಕೆ ಇವರೇ ಸಾಕ್ಷಿ.

2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಕೇಜುಗಳು ನಿಂತವು. ಆದರೆ ರೈಲು ನಿಲ್ಲಲಿಲ್ಲ. ಗಣಿಯ ಊರಿನ ಸಾವಿರಾರು ಜನ ಪ್ರತಿದಿನವೂ ನಸುಕಿನಲ್ಲಿ ಎದ್ದು, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ದುಡಿದು, ರಾತ್ರಿ ಮರಳುತ್ತಾರೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಅನ್ನಕ್ಕೆ ಇಂಗ್ಲಿಷ್ ಬೇಕು; ಅವರ ನೆಲಕ್ಕೆ ಕನ್ನಡ ಬೇಕು; ಅವರ ಮನೆಗೆ ತಾಯಿಯ ಮಾತು ಬೇಕು. ಮೂರನ್ನೂ ಅವರು ಹೊತ್ತು ನಡೆಯಬೇಕಾಗಿದೆ.

ವಿದ್ಯಾರ್ಥಿಗಳೇ, ನಿಮ್ಮ ಇಂಗ್ಲಿಷ್ ವಾಕ್ಯದಲ್ಲಿ ತಪ್ಪು ಬಂದಾಗ ನಾಚಬೇಡಿರಿ. ಅದರ ಬೇರು ಎಲ್ಲಿದೆಯೆಂದು ನಿಮ್ಮ ಮಾತಿನಲ್ಲಿಯೇ ಹುಡುಕಿರಿ. ಹಳಿ ಬದಲಾದ ಕಡೆ ಡಬ್ಬಿಯನ್ನು ಎಳೆಯಬೇಡಿರಿ. ಸರಕನ್ನು ಜೋಪಾನವಾಗಿ ಇಳಿಸಿ, ಜೋಪಾನವಾಗಿ ಏರಿಸಿರಿ. ಕೊಂಡಿಯನ್ನು ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡಿರಿ. ಅದು ಗಟ್ಟಿಯಾಗಿದ್ದರೆ ಗಾಡಿ ಊರು ಮುಟ್ಟುತ್ತದೆ.

ಶಬ್ದಾರ್ಥ

ಕೊಂಡಿ – ಎರಡನ್ನು ಕೂಡಿಸುವ ಕೊಕ್ಕೆ
ಸರಕು – ಸಾಗಿಸುವ ಸಾಮಾನು
ಅಲಕ್ಷ್ಯ – ಗಮನವಿಲ್ಲದಿರುವಿಕೆ
ನಿಷ್ಠ – ನಂಬಿಕೆಯಿಂದ ನಡೆಯುವವನು
ಗುಣಪತ್ರ – ನಡತೆಯನ್ನೂ ಯೋಗ್ಯತೆಯನ್ನೂ ತಿಳಿಸುವ ಪತ್ರ
ಜಾಡು – ಗುರುತು, ಹೆಜ್ಜೆಯ ಗುರುತು
ನಸುಕು – ಬೆಳಗಾಗುವ ಮುನ್ನಿನ ಹೊತ್ತು

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಂಗಾರಪೇಟೆಗೆ ಹಿಂದೆ ಇದ್ದ ಹೆಸರೇನು?
2. ಲೇಖಕರು ಇಂಗ್ಲಿಷನ್ನು ಕಲಿಸಬೇಕಾಗಿ ಬಂದುದೇಕೆ?
3. ಹುಡುಗನು ಅರ್ಜಿಯನ್ನು ಯಾರಿಗಾಗಿ ಬರೆದನು?
4. ‘ಅಥವಾ’ ಎಂಬುದು ಯಾವ ಭಾಷೆಯಿಂದ ಕನ್ನಡಕ್ಕೆ ಬಂದಿದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಹುಡುಗನ ಅರ್ಜಿಯ ಕೊನೆಯ ವಾಕ್ಯದಲ್ಲಿ ಇದ್ದ ತಪ್ಪು ಯಾವುದು? ಅದರಿಂದ ಅರ್ಥವು ಹೇಗೆ ಬದಲಾಯಿತು?
2. ‘ದೋ’ ಜೊತೆಗೆ ‘ಬಟ್’ ಬರೆಯುವ ತಪ್ಪಿಗೆ ಲೇಖಕರು ಕೊಡುವ ಕಾರಣವೇನು?
3. ಲೇಖಕರು ಗುಣಪತ್ರವನ್ನು ಹರಿದುಹಾಕಿದುದೇಕೆ?

ಇ. ಸಂದರ್ಭದೊಡನೆ ವಿವರಿಸಿರಿ.
1. ‘‘ಆ ‘ಇಲ್ಲ’ ಎಲ್ಲಿಗೆ ಹೋಗುತ್ತದೆ, ಸಾರ್?’’
2. ‘‘ವ್ಯಾಕರಣ ಅದರಲ್ಲಿ ಸರಿಯಾಗಿದೆ; ನ್ಯಾಯ ಸರಿಯಾಗಿಲ್ಲ.’’

ಈ. ಭಾಷಾಭ್ಯಾಸ
1. ‘ಮತ್ತು’ ಎಂಬುದನ್ನು ಬಿಟ್ಟು ಕೃದಂತಾವ್ಯಯಗಳನ್ನು ಬಳಸಿ ಬರೆಯಿರಿ : ‘ಅಜ್ಜಿ ಬಾವಿಗೆ ಹೋದಳು ಮತ್ತು ನೀರು ಸೇದಿದಳು ಮತ್ತು ಮನೆಗೆ ಬಂದಳು.’
2. ‘ಮಳೆ ಬಂದಿತು. ಮಕ್ಕಳು ಶಾಲೆಗೆ ಹೋದರು.’ ಈ ಎರಡು ವಾಕ್ಯಗಳನ್ನು ಮೂರು ಬಗೆಯಾಗಿ ಕೂಡಿಸಿ, ಅರ್ಥದಲ್ಲಿ ಆಗುವ ವ್ಯತ್ಯಾಸವನ್ನು ತಿಳಿಸಿರಿ.
3. ನಿಮ್ಮ ಮನೆಮಾತು ಕನ್ನಡವಲ್ಲದಿದ್ದರೆ, ಅದರಲ್ಲಿ ಎರಡು ಹೆಸರುಗಳನ್ನು ಕೂಡಿಸುವ ಬಗೆಯನ್ನು ತರಗತಿಯಲ್ಲಿ ವಿವರಿಸಿರಿ.